ಎರಡೂವರೆ ಮೀಟರ್ ನೀರು

(ಜೂನ್ ನಡುವಿನ ಒಂದು ಸಂಜೆ. ಮಲ್ಪೆ ಹತ್ತಿರದ ಒಂದು ಮನೆಯ ಜಗಲಿ. ಮೃಗಶಿರದ ಮಳೆ ಬೆಳಗಿನಿಂದ ಬಿಟ್ಟಿಲ್ಲ. ಮೀನುಗಾರಿಕೆಗೆ ರಜೆ, ಟ್ರಾಲ್ ಬೋಟುಗಳೆಲ್ಲ ಬಂದರಿನಲ್ಲಿ ಒಂದಕ್ಕೊಂದು ಕಟ್ಟಿಕೊಂಡು ನಿಂತಿವೆ. ಒಬ್ಬರು, ಡಿಗ್ರಿ ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು. ಇನ್ನೊಬ್ಬಳು, ದ್ವಿತೀಯ ಪಿಯುಸಿ ಮುಗಿಸಿದ ಹುಡುಗಿ. ಬೋಟ್ ಇಟ್ಟುಕೊಂಡವರ ಮಗಳು.)

ಹುಡುಗಿ: ಸರ್, ಅಪ್ಪ ಕಳಿಸಿದರು. ನಿನ್ನ ತಲೆಯಲ್ಲಿ ಇರುವುದನ್ನು ಮೇಷ್ಟ್ರ ಹತ್ತಿರ ಒಮ್ಮೆ ಹೇಳಿ ಬಾ, ಅವರು ಹೂಂ ಅಂದರೆ ನನ್ನದೂ ಹೂಂ ಅಂದರು. ಮನೆಯಲ್ಲಿ ಎಲ್ಲರಿಗೂ ನಾನು ಇಂಜಿನಿಯರಿಂಗ್ ಸೇರಬೇಕು ಅಂತ. ಸೀಟು ಸಿಗ್ತದೆ. ಆದರೆ ನನಗೆ ಸಮುದ್ರದ ಬಗ್ಗೆ ಓದಬೇಕು.

ಮೇಷ್ಟ್ರು: ಮೊದಲು ಕೂತುಕೋ. ಕೊಡೆ ಆ ಮೂಲೆಗೆ ಇಡು, ನೀರು ಇಳಿಯಲಿ. ಸಮುದ್ರದ ಬಗ್ಗೆ ಅಂದರೆ ಎಂತ? ಮೀನಿನ ಬಗ್ಗೆಯಾ, ಹಡಗಿನ ಬಗ್ಗೆಯಾ?

ಹುಡುಗಿ: ನೀರಿನ ಬಗ್ಗೆ.

ಮೇಷ್ಟ್ರು: ಅದು ಯಾಕೆ?

ಹುಡುಗಿ: ಹೋದ ವರ್ಷ ಆಗಸ್ಟಿನಲ್ಲಿ ಅಪ್ಪನ ಬೋಟ್ ಮೊದಲ ಟ್ರಿಪ್ ಮುಗಿಸಿ ಬಂದಾಗ ನಾನು ಬಂದರಿಗೆ ಹೋಗಿದ್ದೆ. ಬಲೆ ಎಳೆಯುವಾಗ ಅಡಿಯಿಂದ ಬಂದ ಹಗ್ಗ ಕೈಗೆ ಕೊರೆಯುವಷ್ಟು ತಣ್ಣಗಿತ್ತು ಅಂತ ಬೋಟಿನವರು ಮಾತಾಡ್ತಾ ಇದ್ದರು. ಮೇ ತಿಂಗಳಲ್ಲಿ ಹಾಗೆ ಇರುವುದಿಲ್ಲ. ಮಳೆನೀರು ಸೇರಿ ತಣ್ಣಗಾದದ್ದು ಇರಬೇಕು ಅಂತ ನಾನು ಅಂದೆ. ಅಪ್ಪ ಒಪ್ಪಲಿಲ್ಲ. ಮಳೆನೀರು ಸಿಹಿ, ಹಗುರ, ಅದು ಮೇಲೆಯೇ ನಿಲ್ತದೆ. ತಣ್ಣಗೆ ಇರುವುದು ಅಡಿಯ ನೀರು, ಅದು ಕೆಳಗಿನಿಂದಲೇ ಬಂದದ್ದು ಅಂದರು. ಕೆಳಗಿನ ನೀರು ಮೇಲೆ ಯಾಕೆ ಬರ್ತದೆ ಅಂತ ಕೇಳಿದೆ. ಅದು ಗೊತ್ತಿಲ್ಲ, ಪ್ರತಿವರ್ಷ ಬರ್ತದೆ ಅಂದರು. ಆವತ್ತಿನಿಂದ ಅದು ನನ್ನ ತಲೆಯಿಂದ ಹೋಗಿಲ್ಲ ಸರ್.

ಮೇಷ್ಟ್ರು: ನಿನ್ನ ಅಪ್ಪ ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. ಭಾರವಾದ ತಣ್ಣೀರು ತಾನಾಗಿ ಮೇಲೆ ಏರುವುದಿಲ್ಲ, ಯಾವುದೋ ಒಂದು ಬಲ ಅದನ್ನು ಏರಿಸಬೇಕು. ಒಳಗೆ ಹೋಗಿ ಒಂದು ಸ್ಟೀಲ್ ತಟ್ಟೆ, ಒಂದು ಬಟ್ಟಲು ತಾ. ಹಳೇ ಕ್ಯಾಲೆಂಡರ್ ಇಲ್ಲೇ ಉಂಟು, ಅದರ ಹಿಂಬದಿ ಸಾಕು.

(ಬಟ್ಟಲನ್ನು ಬೋರಲು ಹಾಕಿ, ಅದರ ಮೇಲೆ ತಟ್ಟೆ ಇಟ್ಟು, ತಟ್ಟೆಗೆ ಕಾಗದ ಅಂಟಿಸುತ್ತಾರೆ.)

ಮೇಷ್ಟ್ರು: ತಟ್ಟೆಯನ್ನು ನಾನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ನಿಧಾನ ತಿರುಗಿಸ್ತೇನೆ. ಉತ್ತರ ಧ್ರುವದ ಮೇಲೆ ನಿಂತು ಕೆಳಗೆ ನೋಡಿದರೆ ಭೂಮಿ ತಿರುಗುವುದು ಹೀಗೇ. ನೀನು ಪೆನ್ಸಿಲಿನಲ್ಲಿ ನಡುವಿನಿಂದ ಅಂಚಿಗೆ ಒಂದು ನೇರ ಗೆರೆ ಎಳಿ. ಕೈ ಆಚೀಚೆ ಹೋಗಬಾರದು.

ಹುಡುಗಿ: ಎಳೆದೆ. ಅರೆ, ಗೆರೆ ಬಾಗಿದೆ. ನನ್ನ ಕೈ ನೇರವೇ ಹೋದದ್ದು.

ಮೇಷ್ಟ್ರು: ಯಾವ ಕಡೆಗೆ ಬಾಗಿದೆ?

ಹುಡುಗಿ: ಪೆನ್ಸಿಲ್ ಹೋದ ದಿಕ್ಕಿಗೆ ಬಲಕ್ಕೆ.

ಮೇಷ್ಟ್ರು: ತಿರುಗುವ ನೆಲದ ಮೇಲೆ ನಿಂತವನಿಗೆ, ಓಡುವ ಎಲ್ಲ ವಸ್ತುವೂ ಹಾಗೆ ಬಾಗಿದ ಹಾಗೆ ಕಾಣ್ತದೆ. ಉತ್ತರಾರ್ಧದಲ್ಲಿ ಬಲಕ್ಕೆ, ದಕ್ಷಿಣಾರ್ಧದಲ್ಲಿ ಎಡಕ್ಕೆ. ಕೊರಿಯೊಲಿಸ್ ಪರಿಣಾಮ ಅಂತ ಹೆಸರು. ಇದನ್ನು ಹಿಡಿದುಕೊಂಡು ಉತ್ತರ ಧ್ರುವದ ಹತ್ತಿರ ಒಮ್ಮೆ ಹೋಗಿ ಬರುವ. ನಾರ್ವೆಯ ನಾನ್ಸೆನ್ ಅಂತ ಒಬ್ಬರು, 1893ರಲ್ಲಿ ಫ್ರಾಮ್ ಅನ್ನುವ ಹಡಗನ್ನು ಬೇಕೆಂದೇ ಮಂಜುಗಡ್ಡೆಯಲ್ಲಿ ಸಿಕ್ಕಿಸಿ ತೇಲಲು ಬಿಟ್ಟರು. ಹಡಗು ಮೂರು ವರ್ಷ ತೇಲಿತು. ಹಡಗಿನವರು ದಿನಾ ಗಾಳಿಯ ದಿಕ್ಕು ಬರೆದರು, ಮಂಜು ಸರಿದ ದಿಕ್ಕು ಬರೆದರು. ನೋಡಿದರೆ ಮಂಜುಗಡ್ಡೆ ಗಾಳಿ ಬೀಸಿದ ಕಡೆಗೆ ಹೋಗುವುದೇ ಇಲ್ಲ! ಅದಕ್ಕಿಂತ ಇಪ್ಪತ್ತರಿಂದ ನಲವತ್ತು ಡಿಗ್ರಿ ಬಲಕ್ಕೆ ಹೋಗ್ತದೆ. ಆ ಲೆಕ್ಕ ಸ್ವೀಡನ್ನಿನ ಎಕ್‌ಮನ್ ಅನ್ನುವ ಹುಡುಗನ ಕೈಗೆ ಬಂತು. ಆಗಿನ್ನೂ ವಿದ್ಯಾರ್ಥಿ. ಗಾಳಿ ಮೇಲಿನ ಪದರವನ್ನು ತಳ್ತದೆ, ಅದು ಸ್ವಲ್ಪ ಬಲಕ್ಕೆ ಬಾಗ್ತದೆ. ಅದು ತನ್ನ ಕೆಳಗಿನ ಪದರವನ್ನು ಎಳೀತದೆ, ಅದು ಇನ್ನೂ ಸ್ವಲ್ಪ ಬಲಕ್ಕೆ. ಎಲ್ಲ ಪದರ ಕೂಡಿಸಿದರೆ ನೀರು ಒಟ್ಟಾರೆ ಹೋಗುವುದು ಗಾಳಿಗೆ ಲಂಬವಾಗಿ, ಸರಿಯಾಗಿ ಬಲಗಡೆಗೆ. ಈಗ ನೀನೇ ಹೇಳು. ಮಳೆಗಾಲದಲ್ಲಿ ನಮ್ಮ ತೀರದ ಹೊರಗೆ ಗಾಳಿ ಹೇಗೆ?

ಹುಡುಗಿ: ಪಡುವಣ ಗಾಳಿ. ವಾಯವ್ಯದ ಕಡೆಯಿಂದ ಕೂಡ ಬರ್ತದೆ.

ಮೇಷ್ಟ್ರು: ಹಾಗಾದರೆ ಅದರಲ್ಲಿ ಒಂದು ಪಾಲು ತೀರದ ಉದ್ದಕ್ಕೂ ಬಡಗಿನಿಂದ ತೆಂಕಿಗೆ ಬೀಸ್ತದೆ. ತೆಂಕಿಗೆ ಮುಖ ಮಾಡಿ ನಿಲ್ಲು. ನಿನ್ನ ಬಲಗೈ ಎಲ್ಲಿ?

ಹುಡುಗಿ: ಪಡುವಕ್ಕೆ. ಸಮುದ್ರದ ಕಡೆಗೆ. ಅಂದರೆ ಮೇಲಿನ ಬಿಸಿನೀರು ತೀರ ಬಿಟ್ಟು ಹೊರಗೆ ಹೋಗ್ತದೆ. ಇಲ್ಲಿ ಖಾಲಿ ಆದ ಜಾಗಕ್ಕೆ... ಕೆಳಗಿನದೇ ಬರಬೇಕು!

ಮೇಷ್ಟ್ರು: ನಿನ್ನ ಅಪ್ಪನ ಕೈಗೆ ತಣ್ಣಗೆ ತಾಗಿದ್ದು ಅದೇ. ಗೊಬ್ಬರದ ಅಂಶವೆಲ್ಲ ಆ ನೀರಿನಲ್ಲಿ ಉಂಟು. ಅದು ಬೆಳಕಿಗೆ ಬಂದಾಗ ಕಣ್ಣಿಗೆ ಕಾಣದ ಸಸ್ಯಗಳು ಬೆಳೀತವೆ, ನೀರು ಹಸಿರಾಗ್ತದೆ. ಬೂತಾಯಿ ಬಂಗುಡೆಯ ಊಟ ಅಲ್ಲಿಂದ. ಅದೇ ನೀರಿಗೆ ಇನ್ನೊಂದು ಮುಖವೂ ಉಂಟು. ಬಹಳ ಕಾಲ ಕೆಳಗೇ ಇದ್ದದ್ದರಿಂದ ಅದರಲ್ಲಿ ಆಮ್ಲಜನಕ ಕಡಿಮೆ. ಮಳೆಗಾಲದ ಕೊನೆಗೆ ಅಡಿಯಲ್ಲಿ ಉಸಿರು ಸಾಲದೆ ಮೀನು ಜಾಗ ಬಿಟ್ಟು ಓಡ್ತದೆ. ಬಲೆ ಒಂದು ದಿನ ತುಂಬಿ ಮಾರನೇ ದಿನ ಖಾಲಿ ಬರುವುದಕ್ಕೆ ಇದೂ ಒಂದು ಕಾರಣ.

ಹುಡುಗಿ: ಇಷ್ಟೇನಾ ಸರ್? ಅರ್ಧ ಗಂಟೆಯಲ್ಲಿ ಮುಗೀತು.

ಮೇಷ್ಟ್ರು: ಮುಗಿಯಲಿಲ್ಲ. ನಾನು ಹೇಳಿದ್ದು ಮೊದಲ ಪಾಠ. ಗೋವಾದ ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಉಂಟಲ್ಲ, 1966ರಲ್ಲಿ ಶುರುವಾದದ್ದು, ಅಲ್ಲಿಯವರು ಇನ್ನೂ ಮುಂದೆ ಹೋಗಿ ಲೆಕ್ಕ ಹಾಕಿದರು. ನಮ್ಮ ತೀರದ ಗಾಳಿಯೊಂದೇ ಇಷ್ಟು ತಣ್ಣೀರನ್ನು ಏರಿಸಲಾರದು. ಬಂಗಾಳ ಕೊಲ್ಲಿ, ಶ್ರೀಲಂಕಾದ ಕಡೆ ಬೀಸಿದ ಗಾಳಿ ಅಲ್ಲಿ ನೀರಿನ ಒಳಪದರವನ್ನು ಅಲುಗಾಡಿಸ್ತದೆ. ಆ ಅಲುಗಾಟ ಒಂದು ಅಲೆಯಾಗಿ, ತೀರವನ್ನು ಬಲಕ್ಕೆ ಇಟ್ಟುಕೊಂಡು, ಭಾರತದ ತುದಿ ಸುತ್ತಿ ನಮ್ಮ ಕಡೆ ಬರ್ತದೆ. ಕೆಲ್ವಿನ್ ಅಲೆ ಅಂತಾರೆ. ದಡದಲ್ಲಿ ನಿಂತರೆ ಅದು ಕಾಣುವುದಿಲ್ಲ. ಏರುವುದು ಇಳಿಯುವುದು ಬಿಸಿನೀರು ತಣ್ಣೀರಿನ ನಡುವಿನ ಗಡಿ. ಮಲ್ಪೆಯ ನೀರು ಯಾಕೆ ತಣ್ಣಗಾಯಿತು ಅನ್ನುವುದಕ್ಕೆ ಉತ್ತರದ ಅರ್ಧ ಪಾಲು ಶ್ರೀಲಂಕಾದ ಆಚೆ ಉಂಟು. ಅದನ್ನು ಬಿಡಿಸಲಿಕ್ಕೆ ಡಿಫರೆನ್ಷಿಯಲ್ ಈಕ್ವೇಷನ್ ಬೇಕು. ತಟ್ಟೆ ಬಟ್ಟಲು ಸಾಲದು.

ಹುಡುಗಿ: ಅದನ್ನೇ ಕೇಳಬೇಕು ಅಂತ ಬಂದದ್ದು. ಯಾವ ಡಿಗ್ರಿ ಮಾಡಬೇಕು? ಬಿ.ಎಸ್ಸಿ. ಓಷನೋಗ್ರಫಿ ಅಂತ ನಾನು ಎಷ್ಟು ಹುಡುಕಿದೆ.

ಮೇಷ್ಟ್ರು: ಆ ಹೆಸರನ್ನು ಹುಡುಕುವುದು ಬಿಡು. ನಮ್ಮ ದೇಶದಲ್ಲಿ ಈ ವಿಷಯ ಹೆಸರು ಹೊತ್ತು ಶುರುವಾಗುವುದು ಹೆಚ್ಚಾಗಿ ಎಂ.ಎಸ್ಸಿ.ಯಲ್ಲಿ. ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯ, ಕೊಚ್ಚಿಯ ವಿಶ್ವವಿದ್ಯಾಲಯ ಇವೆರಡೂ ಹಳೆಯ ಮನೆಗಳು. ಪುಣೆಯ ವಿಜ್ಞಾನ ಶಿಕ್ಷಣ ಸಂಸ್ಥೆ ಐಸರ್‌ನಲ್ಲಿ ಐದು ವರ್ಷದ ಕೋರ್ಸಿನ ಒಳಗೇ ಭೂಮಿ ಮತ್ತು ವಾಯುಗುಣ ವಿಜ್ಞಾನ ಆರಿಸಿಕೊಳ್ಳಬಹುದು. ಸಮುದ್ರದ ಜೀವಿಗಳ ಕಡೆ ಮನಸ್ಸಿದ್ದರೆ ಮಂಗಳೂರಿನ ಮೀನುಗಾರಿಕಾ ಕಾಲೇಜು ಉಂಟು, 1969ರದ್ದು, ದೇಶದಲ್ಲೇ ಮೊದಲನೆಯದು. ಕಾರವಾರದಲ್ಲಿ ಸಾಗರ ಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗ ಉಂಟು. ಆದರೆ ನೀನು ಕೇಳಿದ್ದು ನೀರು ಯಾಕೆ ಹೀಗೆ ಓಡ್ತದೆ ಅಂತ. ಅದಕ್ಕೆ ಬಾಗಿಲು ಭೌತಶಾಸ್ತ್ರ, ಗಣಿತ. ನಿನ್ನ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದ ಕಾಲೇಜಿನಲ್ಲಿ ಈ ಎರಡನ್ನು ಗಟ್ಟಿಯಾಗಿ ಕಲಿತರೆ ಮುಂದೆ ಯಾವ ಸಂಸ್ಥೆಯೂ ನಿನಗೆ ದೂರ ಅಲ್ಲ.

ಹುಡುಗಿ: ಆದರೆ ಮೂರು ವರ್ಷ ಸಮುದ್ರದ ಹೆಸರೇ ಇಲ್ಲದೆ ಓದಬೇಕಲ್ಲ ಸರ್.

ಮೇಷ್ಟ್ರು: ಅದು ನಮ್ಮ ತಪ್ಪು. ನನ್ನದೂ ಸೇರಿ. ನಾನು ಕಲಿಸಿದ ಲ್ಯಾಬಿನ ಕಿಟಕಿಯಲ್ಲಿ ಸಮುದ್ರ ಕಾಣ್ತಿತ್ತು. ಮೂವತ್ತು ವರ್ಷ ಮಕ್ಕಳಿಗೆ ಲೋಲಕ ತೂಗಿಸಿದೆ, ಸ್ಪೆಕ್ಟ್ರೋಮೀಟರ್ ಹೊಂದಿಸಿದೆ. ಉಬ್ಬರ ಇಳಿತ ಪ್ರತಿದಿನ ಸುಮಾರು ಐವತ್ತು ನಿಮಿಷ ಯಾಕೆ ತಡ ಆಗ್ತದೆ ಅಂತ ಒಂದು ಬ್ಯಾಚನ್ನಾದರೂ ದಡಕ್ಕೆ ಕರೆದುಕೊಂಡು ಹೋಗಿ ಅಳೆಯಿಸಲಿಲ್ಲ. ಸಿಲೆಬಸ್ಸಿನಲ್ಲಿ ಇರಲಿಲ್ಲ, ನಾನೂ ಸೇರಿಸಲಿಲ್ಲ. ದ್ರವಗಳ ಚಲನೆ, ಉಷ್ಣಗತಿ, ಅಲೆ, ವಿಕಿರಣ ಎಲ್ಲ ಬಿ.ಎಸ್ಸಿ.ಯಲ್ಲಿ ಉಂಟು. ಉದಾಹರಣೆ ಮಾತ್ರ ಬೇರೆ ಎಲ್ಲಿಂದಲೋ ಬರ್ತದೆ. ಕರಾವಳಿಯ ಕಾಲೇಜುಗಳು ಅದೇ ಪಾಠಕ್ಕೆ ನಮ್ಮ ಕಡಲಿನ, ನಮ್ಮ ಮಳೆಯ ಲೆಕ್ಕ ಕೊಡಬೇಕು. ಇದಕ್ಕೆ ಯಾರ ಅಪ್ಪಣೆಯೂ ಬೇಡ, ಒಬ್ಬ ಮೇಷ್ಟ್ರ ಮನಸ್ಸು ಸಾಕು.

ಹುಡುಗಿ: ನಾನು ನೋಡಿದ ಕಡೆಯಲ್ಲೆಲ್ಲ ಸಾಗರ ವಿಜ್ಞಾನ ಮತ್ತು ವಾಯುಮಂಡಲ ವಿಜ್ಞಾನ ಅಂತ ಎರಡನ್ನೂ ಜೋಡಿಸಿಯೇ ಇರ್ತಾರೆ. ನನಗೆ ಸಮುದ್ರ ಮಾತ್ರ ಸಾಕು ಅಂದರೆ?

ಮೇಷ್ಟ್ರು: ಆಗುವುದಿಲ್ಲ. ಯಾಕೆ ಅಂತ ನೀನೇ ಲೆಕ್ಕ ಹಾಕು. ಪೆನ್ಸಿಲ್ ಹಿಡಿ. ಒಂದು ಚದರ ಮೀಟರ್ ನೆಲದ ಮೇಲೆ, ಇಲ್ಲಿಂದ ಆಕಾಶದ ತುದಿಯವರೆಗೆ ನಿಂತ ಗಾಳಿಯ ಒಟ್ಟು ರಾಶಿ ಎಷ್ಟು?

ಹುಡುಗಿ: ಅದನ್ನು ಹೇಗೆ... ಸರಿ, ವಾಯುಭಾರ ಗೊತ್ತುಂಟು. ಸುಮಾರು 1 ಲಕ್ಷ ಪ್ಯಾಸ್ಕಲ್. ಅದು ಆ ಗಾಳಿಯ ತೂಕವೇ. 9.8ರಿಂದ ಭಾಗಿಸಿದರೆ 10 ಸಾವಿರದ ಚಿಲ್ಲರೆ ಕಿಲೋ. ಹತ್ತು ಟನ್ ಗಾಳಿ!

ಮೇಷ್ಟ್ರು: ಒಂದು ಕಿಲೋ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1,000 ಜೌಲ್ ಬೇಕು.

ಹುಡುಗಿ: ಹಾಗಾದರೆ ಅಷ್ಟೂ ಗಾಳಿಗೆ 1 ಕೋಟಿ ಜೌಲ್.

ಮೇಷ್ಟ್ರು: ಈಗ ಸಮುದ್ರದ ನೀರು. ಒಂದು ಘನ ಮೀಟರ್ ಅಂದರೆ 1,025 ಕಿಲೋ, ಕಿಲೋಗೆ ಸುಮಾರು 4,000 ಜೌಲ್.

ಹುಡುಗಿ: 41 ಲಕ್ಷ. ಒಂದು ಕೋಟಿಯನ್ನು 41 ಲಕ್ಷದಿಂದ ಭಾಗಿಸಿದರೆ... ಎರಡೂವರೆಯ ಹತ್ತಿರ. ಎರಡೂವರೆ ಏನು ಸರ್?

ಮೇಷ್ಟ್ರು: ಎರಡೂವರೆ ಮೀಟರ್. ಸಮುದ್ರದ ಮೇಲಿನ ಎರಡೂವರೆ ಮೀಟರ್ ನೀರು ಹಿಡಿದಿಡುವಷ್ಟೇ ಬಿಸಿಯನ್ನು ಅದರ ಮೇಲಿರುವ ಇಡೀ ವಾಯುಮಂಡಲ ಹಿಡಿದಿಡಬಲ್ಲದು. ನಮ್ಮ ಬಾವಿಯಲ್ಲಿ ಇವತ್ತು ಅದಕ್ಕಿಂತ ಹೆಚ್ಚು ನೀರು ಉಂಟು. ಸಮುದ್ರದ ಸರಾಸರಿ ಆಳ 3,700 ಮೀಟರಿನಷ್ಟು. ಈಗ ಯೋಚಿಸು, ಗಾಳಿ ಯಾರ ಮಾತು ಕೇಳಬೇಕು?

ಹುಡುಗಿ: ಸಮುದ್ರದ್ದು.

ಮೇಷ್ಟ್ರು: ಸಮುದ್ರವನ್ನು ಓಡಿಸುವುದು ಯಾರು? ಈಗಷ್ಟೇ ತಟ್ಟೆಯಲ್ಲಿ ನೋಡಿದೆವು.

ಹುಡುಗಿ: ಗಾಳಿ.

ಮೇಷ್ಟ್ರು: ಅದಕ್ಕೇ ಎರಡನ್ನೂ ಒಟ್ಟಿಗೆ ಓದುವುದು. ಪೆಸಿಫಿಕ್ ಸಾಗರದ ನೀರು ಕಾಯುವ ಎಲ್ ನಿನೊ ಕತೆ ಅದೇ. ಬ್ರಿಟಿಷರ ಕಾಲದಲ್ಲಿ ನಮ್ಮ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಗಣಿತದವರು. 1904ರಲ್ಲಿ ಬಂದಾಗ ಹವಾಮಾನ ಓದಿದವರಲ್ಲ. ಲೋಕದ ಮೂಲೆಮೂಲೆಯ ವಾಯುಭಾರದ ಅಂಕಿ ತರಿಸಿ ಹೋಲಿಸಿದರು. ಪೆಸಿಫಿಕ್ಕಿನ ಒಂದು ಬದಿ ಏರಿದರೆ ಇನ್ನೊಂದು ಬದಿ ಇಳೀತದೆ, ಅದಕ್ಕೂ ನಮ್ಮ ಮುಂಗಾರಿಗೂ ನಂಟು ಉಂಟು ಅಂತ ಕಂಡುಕೊಂಡರು. ಕಾರಣ ಮಾತ್ರ ಸಿಗಲಿಲ್ಲ. ಅವರು ನೋಡಿದ್ದು ಹೆಚ್ಚಾಗಿ ಗಾಳಿಯ ಕಡೆಯ ಲೆಕ್ಕ. 1969ರಲ್ಲಿ ಬ್ಯರ್ಕ್‌ನೆಸ್ ಎಂಬವರು ನೀರಿನ ಬಿಸಿಯನ್ನೂ ಗಾಳಿಯನ್ನೂ ಒಂದೇ ಸರಪಳಿಗೆ ಪೋಣಿಸಿ ತೋರಿಸುವವರೆಗೆ ಅದು ಅರ್ಧ ಉತ್ತರವಾಗಿಯೇ ಉಳಿಯಿತು. ನಮ್ಮ ಹಿಂದೂ ಮಹಾಸಾಗರಕ್ಕೂ ಅಂಥದೊಂದು ತೂಗಾಟ ಉಂಟು ಅಂತ 1999ರಲ್ಲಿ ಗೊತ್ತಾಯಿತು. ಅದನ್ನು ತೋರಿಸಿದ ಲೇಖನ ಬರೆದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿನಯಚಂದ್ರನ್ ಒಬ್ಬರು.

ಹುಡುಗಿ: ಮುಂಗಾರು ನಮಗೆ ಹೈಸ್ಕೂಲಿನಲ್ಲೇ ಇತ್ತು. ಬೇಸಿಗೆಯಲ್ಲಿ ನೆಲ ಕಾದು ಗಾಳಿ ಮೇಲೇರ್ತದೆ, ಸಮುದ್ರದ ಒದ್ದೆ ಗಾಳಿ ಆ ಜಾಗಕ್ಕೆ ನುಗ್ತದೆ.

ಮೇಷ್ಟ್ರು: ಮುನ್ನೂರು ವರ್ಷದ ಹಿಂದೆ ಎಡ್ಮಂಡ್ ಹ್ಯಾಲಿ ಹೇಳಿದ ಕಾರಣ ಅದು. ಈಗ ನನ್ನ ಎರಡು ಪ್ರಶ್ನೆಗೆ ಉತ್ತರ ಹೇಳು. ನೆಲ ಅತಿ ಹೆಚ್ಚು ಕಾಯುವುದು ಯಾವ ತಿಂಗಳು?

ಹುಡುಗಿ: ಮೇ.

ಮೇಷ್ಟ್ರು: ಮಳೆ ಹೆಚ್ಚು ಸುರಿಯುವುದು ಜುಲೈ. ಆಗ ನೆಲ ತಣ್ಣಗಾಗಿರ್ತದೆ. ಇನ್ನೊಂದು, ಬರಗಾಲದ ವರ್ಷ ನೆಲ ಹೆಚ್ಚು ಬಿಸಿಯೋ ಕಡಿಮೆಯೋ?

ಹುಡುಗಿ: ಹೆಚ್ಚೇ ಇರಬೇಕು, ಮಳೆಯೇ ಇಲ್ಲವಲ್ಲ. ಹಾಗಾದರೆ ನೆಲ ಹೆಚ್ಚು ಕಾದ ವರ್ಷ ಹೆಚ್ಚು ಮಳೆ ಬರಬೇಕಿತ್ತು! ಪುಸ್ತಕದಲ್ಲಿ ಇರುವುದು ತಪ್ಪಾ ಸರ್?

ಮೇಷ್ಟ್ರು: ಪೂರ್ತಿ ತಪ್ಪಲ್ಲ, ಆದರೆ ಅದು ಮುಖ್ಯ ಕಾರಣ ಅಲ್ಲ. ಈ ಪ್ರಶ್ನೆಯನ್ನು ಬಿಡದೆ ಕೇಳಿದವರು ಸುಲೋಚನಾ ಗಾಡ್ಗೀಳ್. ಹಾರ್ವರ್ಡಿನಲ್ಲಿ ಗಣಿತದಲ್ಲಿ ಪಿಎಚ್.ಡಿ. ಮಾಡಿ ಬಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದವರು. 1980ರಲ್ಲಿ ಸಿಕ್ಕಾ ಅನ್ನುವವರ ಜೊತೆ ಸೇರಿ ಉಪಗ್ರಹದ ಮೋಡದ ಚಿತ್ರಗಳನ್ನು ದಿನದಿನವೂ ಜೋಡಿಸಿ ನೋಡಿದರು. ಸಮಭಾಜಕದ ಹತ್ತಿರ ಸಮುದ್ರದ ಮೇಲೆ ಹುಟ್ಟುವ ಮೋಡದ ಪಟ್ಟಿಯೊಂದು ಬಡಗಿಗೆ ಸರಿದು ನಮ್ಮ ಮೇಲೆ ಬರ್ತದೆ, ಮಾಸಿದ ಮೇಲೆ ಇನ್ನೊಂದು ಬರ್ತದೆ. ಭೂಮಿಯನ್ನು ಸುತ್ತುವರಿದ ಮಳೆಪಟ್ಟಿ ಋತುವಿನೊಂದಿಗೆ ನಮ್ಮ ಮೇಲಕ್ಕೆ ವಲಸೆ ಬರುವುದೇ ಮುಂಗಾರು. ನಾಲ್ಕು ವರ್ಷದ ಮೇಲೆ ಇನ್ನೊಂದು ಕೆಲಸ ಮಾಡಿದರು. ಸಮುದ್ರದ ಮೇಲ್ಮೈ ಸುಮಾರು 28 ಡಿಗ್ರಿ ದಾಟದಿದ್ದರೆ ದೊಡ್ಡ ಮೋಡದ ಗುಂಪು ಕಟ್ಟುವುದು ಕಷ್ಟ ಅಂತ ತೋರಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಪಾವಗಡದ ಕಡೆಯ ಕಡಲೆಕಾಯಿ ಬೆಳೆಗಾರರ ಜೊತೆ ಕೂತು ಯಾವಾಗ ಬಿತ್ತಿದರೆ ನಷ್ಟ ಕಡಿಮೆ ಅಂತಲೂ ಲೆಕ್ಕ ಮಾಡಿದರು. 2025ರಲ್ಲಿ ತೀರಿಕೊಂಡರು. ಈ ದೇಶದ ಅನ್ನಕ್ಕೆ ಅಷ್ಟು ಹತ್ತಿರದ ಗಣಿತ ಮಾಡಿದವರು ಬಹಳ ಮಂದಿ ಇಲ್ಲ ಅಂತ ನಾನು ತಿಳಿದಿದ್ದೇನೆ.

ಹುಡುಗಿ: ನಮ್ಮ ಅಜ್ಜಿ ರೋಹಿಣಿ, ಮೃಗಶಿರ, ಆರಿದ್ರೆ ಅಂತ ಮಳೆ ಲೆಕ್ಕ ಹೇಳ್ತಾರೆ. ಅದನ್ನು ಬಿಡಬೇಕಾ?

ಮೇಷ್ಟ್ರು: ಯಾಕೆ ಬಿಡಬೇಕು? ಸೂರ್ಯನ ದಾರಿಯನ್ನು 27 ಭಾಗ ಮಾಡಿ, ಹದಿಮೂರು ಹದಿನಾಲ್ಕು ದಿನಕ್ಕೊಂದು ಹೆಸರಿಟ್ಟ ಪಟ್ಟಿ ಅದು. ಸರಾಸರಿ ವರ್ಷ ಹೇಗಿರ್ತದೆ ಅಂತ ಅಜ್ಜಿ ಹೇಳ್ತಾರೆ. ಈ ವರ್ಷ ಸರಾಸರಿಯಿಂದ ಎಷ್ಟು ದೂರ ಅಂತ ಹೇಳುವುದು ನಿನ್ನ ಕೆಲಸ. ಅದಕ್ಕೆ ಅಳತೆ ಬೇಕು. ಕೇರಳಕ್ಕೆ ಮುಂಗಾರು ಬಂತು ಅಂತ ಸುದ್ದಿಯಲ್ಲಿ ಹೇಳ್ತಾರಲ್ಲ, ಅದನ್ನು ಹೇಗೆ ತೀರ್ಮಾನ ಮಾಡ್ತಾರೆ ಗೊತ್ತುಂಟಾ?

ಹುಡುಗಿ: ಮಳೆ ಬಂದರೆ ಬಂತು ಅಂತ.

ಮೇಷ್ಟ್ರು: ಹದಿನಾಲ್ಕು ಊರುಗಳ ಪಟ್ಟಿ ಉಂಟು. ಮೇ 10ರ ನಂತರ ಅವುಗಳಲ್ಲಿ ನೂರಕ್ಕೆ ಅರುವತ್ತರಷ್ಟು ಕಡೆ ಎರಡು ದಿನ ಸತತ ಎರಡೂವರೆ ಮಿಲಿಮೀಟರ್ ಅಥವಾ ಹೆಚ್ಚು ಮಳೆ ಬೀಳಬೇಕು. ಜೊತೆಗೆ ಸಮುದ್ರದ ಮೇಲಿನ ಪಡುವಣ ಗಾಳಿಗೆ ಸಾಕಷ್ಟು ಆಳ, ವೇಗ ಇರಬೇಕು, ಮೋಡ ದಟ್ಟ ಇರಬೇಕು. ಆ ಹದಿನಾಲ್ಕರಲ್ಲಿ ಮಂಗಳೂರು ಒಂದು. ಕೇರಳದ ಮುಂಗಾರಿಗೆ ನಮ್ಮ ಮಂಗಳೂರಿನ ಮಳೆಮಾಪಕವೂ ಸಾಕ್ಷಿ ಹೇಳ್ತದೆ.

ಹುಡುಗಿ: ಇದು ನನಗೆ ಗೊತ್ತೇ ಇರಲಿಲ್ಲ. ಸರ್, ಕಷ್ಟ ಯಾವುದು? ಸೇರಿದ ಮೇಲೆ ಎಲ್ಲಿ ಎಡವುತ್ತಾರೆ?

ಮೇಷ್ಟ್ರು: ಎರಡು ಕಡೆ. ಒಂದು, ಈಗ ಮಾಡಿದ ತಟ್ಟೆಯ ಆಟ ಸಮೀಕರಣ ಆದಾಗ. ತಿರುಗುವ ಭೂಮಿಯ ಮೇಲೆ ನೀರಾಗಲಿ ಗಾಳಿಯಾಗಲಿ ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ನೇರ ಓಡುವುದಿಲ್ಲ. ಒತ್ತಡ ಹೆಚ್ಚಿರುವ ಜಾಗವನ್ನು ಬದಿಯಲ್ಲಿಟ್ಟು ಸುತ್ತು ಹಾಕ್ತದೆ. ಎಲ್ಲರ ಮನಸ್ಸೂ ಮೊದಲು ಇದನ್ನು ಒಪ್ಪುವುದಿಲ್ಲ. ಜಾಗಕ್ಕೊಂದು ಅಂಕಿ ಹಾಕಿ ನೋಡಿದರೆ ಒಪ್ತದೆ. ಗಾಳಿ ನಿಂತ ಮೇಲೂ ನೀರು ತನ್ನ ಜಡತ್ವದಲ್ಲಿ ಸುತ್ತು ಹೊಡೀತದೆ. ಧ್ರುವದಲ್ಲಿ ಒಂದು ಸುತ್ತಿಗೆ 12 ಗಂಟೆ, ಮಲ್ಪೆಯಲ್ಲಿ ಸುಮಾರು 52. ನಮ್ಮ ಅಕ್ಷಾಂಶದ ಸೈನ್ ತೆಗೆದು ನೀನೇ ತಾಳೆ ನೋಡು. ಎರಡನೆಯದು, ಒದ್ದೆ ಗಾಳಿ. ಒಣ ಗಾಳಿಯ ಉಷ್ಣಗತಿ ಎಲ್ಲರಿಗೂ ಬರ್ತದೆ. ಮೇಲೇರುವಾಗ ಆವಿ ನೀರಾಗಿ ಬಿಸಿ ಬಿಟ್ಟುಕೊಡ್ತದಲ್ಲ, ಅಲ್ಲಿಂದ ಲೆಕ್ಕ ಗೋಜಲು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆಯೂ, ಘಟ್ಟ ಇಳಿದ ಗಾಳಿ ಚಳ್ಳಕೆರೆಗೆ ಮುಟ್ಟುವಾಗ 600ರ ಒಳಗೆ ನಿಲ್ಲುವ ಮಳೆಯೂ ಆ ಗೋಜಲಿನ ಒಳಗೇ ಇವೆ. ಅಲ್ಲಿ ಒಂದು ಸೆಮಿಸ್ಟರ್ ತಾಳ್ಮೆ ಬೇಕು.

ಹುಡುಗಿ: ಹಡಗಿನಲ್ಲಿ ಹೋಗಬೇಕಾ? ಅಮ್ಮನಿಗೆ ಅದೇ ಭಯ. ಹುಡುಗಿ ತಿಂಗಳುಗಟ್ಟಲೆ ಸಮುದ್ರದಲ್ಲಿ ಅಂದರೆ...

ಮೇಷ್ಟ್ರು: ಅಮ್ಮನ ಭಯವನ್ನು ಹಗುರ ಮಾಡಬೇಡ, ಉತ್ತರ ಕೊಡು. ಅದಿತಿ ಪಂತ್ ಅಂತ ಪುಣೆಯಲ್ಲಿ ಬಿ.ಎಸ್ಸಿ. ಮಾಡಿದ ಒಬ್ಬರು, ಸಮುದ್ರದ ಬಗ್ಗೆ ಒಂದು ಪುಸ್ತಕ ಓದಿ ಈ ದಾರಿ ಹಿಡಿದರು. ಹವಾಯಿಯಲ್ಲಿ ಓದಿ ಗೋವಾದ ಸಂಸ್ಥೆ ಸೇರಿದರು. 1983ರಲ್ಲಿ ಹೊರಟ ತಂಡದಲ್ಲಿ ಅಂಟಾರ್ಕ್ಟಿಕಾಕ್ಕೆ ಹೋದ ಮೊದಲ ಇಬ್ಬರು ಭಾರತೀಯ ಮಹಿಳೆಯರಲ್ಲಿ ಒಬ್ಬರಾದರು. ನಲವತ್ತು ವರ್ಷದ ಹಿಂದಿನ ಮಾತು. ಮತ್ತೆ, ಈ ವಿದ್ಯೆಯ ಎಲ್ಲ ಕೆಲಸವೂ ಹಡಗಿನಲ್ಲಿ ಅಲ್ಲ. ಆರ್ಗೊ ಅಂತ ಸುಮಾರು 4,000 ತೇಲುಯಂತ್ರಗಳು ಲೋಕದ ಸಮುದ್ರದಲ್ಲಿ ಇವೆ. ಸಾವಿರ ಮೀಟರ್ ಆಳದಲ್ಲಿ ತೇಲ್ತಾ, ಹತ್ತು ದಿನಕ್ಕೊಮ್ಮೆ ಎರಡು ಸಾವಿರ ಮೀಟರಿಗೆ ಇಳಿದು, ಬಿಸಿ, ಉಪ್ಪು ಅಳೆಯುತ್ತಾ ಮೇಲೆ ಬಂದು ಉಪಗ್ರಹಕ್ಕೆ ಹೇಳಿ ಮತ್ತೆ ಮುಳುಗ್ತವೆ. ಆ ಅಂಕಿಯೆಲ್ಲ ಎಲ್ಲರಿಗೂ ಉಚಿತ. ನಿನ್ನ ಅಣ್ಣನ ಲ್ಯಾಪ್‌ಟಾಪ್‌ನಲ್ಲಿ ಪೈಥಾನ್ ಕಲಿತು ಅರಬ್ಬಿ ಸಮುದ್ರದ ಒಂದು ಯಂತ್ರದ ಅಂಕಿ ಇಳಿಸಿ ಗೆರೆ ಹಾಕು. ಅಪ್ಪ ಹಗ್ಗದಲ್ಲಿ ಮುಟ್ಟಿದ ತಣ್ಣೀರು ಎಷ್ಟು ಆಳದಲ್ಲಿ ಕೂತಿದೆ ಅಂತ ಪರದೆಯ ಮೇಲೆ ಕಾಣ್ತದೆ. ಬಿ.ಎಸ್ಸಿ. ಮೊದಲ ವರ್ಷದಲ್ಲೇ ಇದನ್ನು ಮಾಡಬಹುದು.

ಹುಡುಗಿ: ಅಪ್ಪನ ಮೊಬೈಲಿಗೆ ಎಲ್ಲಿ ಮೀನು ಸಿಗಬಹುದು ಅಂತ ಮಾಹಿತಿ ಬರ್ತದೆ. ಅದೂ ಇದೇನಾ?

ಮೇಷ್ಟ್ರು: ಹೈದರಾಬಾದಿನ ಇನ್‌ಕಾಯ್ಸ್ ಅನ್ನುವ ಸಾಗರ ಮಾಹಿತಿ ಕೇಂದ್ರ ಕಳಿಸುವುದು. ನೀರಿನ ಬಿಸಿ, ನೀರಿನ ಹಸಿರು, ಎರಡನ್ನೂ ಉಪಗ್ರಹದಿಂದ ನೋಡಿ ಜಾಗ ಗುರುತು ಮಾಡ್ತಾರೆ. ಮೋಡ ಕವಿದರೆ ಆ ಹಸಿರು ಉಪಗ್ರಹಕ್ಕೆ ಕಾಣುವುದಿಲ್ಲ. ನಮ್ಮ ನೀರು ಅತಿ ಹೆಚ್ಚು ಹಸಿರಾಗುವುದೂ ಮಳೆಗಾಲದಲ್ಲೇ. ಅಲ್ಲಿ ಒಂದು ದೊಡ್ಡ ಕೆಲಸ ಬಾಕಿ ಉಂಟು. ಯಾರಾದರೂ ಮಾಡಬೇಕು.

ಹುಡುಗಿ: ಕೆಲಸ ಸಿಗ್ತದಾ ಸರ್? ಮಾವ ಕೇಳುವುದು ಅದೊಂದೇ.

ಮೇಷ್ಟ್ರು: ಸುಳ್ಳು ಹೇಳುವುದಿಲ್ಲ. ಇಪ್ಪತ್ತೆರಡಕ್ಕೆ ಸಂಬಳ ಬೇಕು ಅಂದರೆ ಇದು ಆ ದಾರಿ ಅಲ್ಲ. ಡಿಗ್ರಿ, ಎಂ.ಎಸ್ಸಿ., ಹೆಚ್ಚಿನವರಿಗೆ ಪಿಎಚ್.ಡಿ., ಅಷ್ಟು ಓದಬೇಕು. ಹವಾಮಾನ ಇಲಾಖೆ, ಇನ್‌ಕಾಯ್ಸ್, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ, ಗೋವಾದ ಎರಡು ಸಂಸ್ಥೆ, ಚೆನ್ನೈಯ ಸಾಗರ ತಂತ್ರಜ್ಞಾನ ಸಂಸ್ಥೆ ಇವೆ. ಗಾಳಿ ವಿದ್ಯುತ್ತಿನ ಕಂಪನಿಗಳಿಗೂ ಗಾಳಿ ಬಲ್ಲವರು ಬೇಕು. ಹುದ್ದೆಗಳು ಇಂಜಿನಿಯರಿಂಗಿನಷ್ಟು ಇಲ್ಲ. ಆದರೆ ಈ ಹುದ್ದೆಗಳಲ್ಲಿ ಕೂತವರು ಮಾಡುವುದು ಏನು ಅಂತ ಮಾವನಿಗೆ ಹೇಳು. 1999ರಲ್ಲಿ ಒಡಿಶಾಕ್ಕೆ ಬಂದ ಚಂಡಮಾರುತದಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಜನ ಹೋದರು. 2013ರಲ್ಲಿ ಅದೇ ತೀರಕ್ಕೆ ಫೈಲಿನ್ ಬಂತು. ಮೊದಲೇ ಹೇಳಿದರು, ಲಕ್ಷಾಂತರ ಜನರನ್ನು ಎಬ್ಬಿಸಿ ಕಳಿಸಿದರು. ಸತ್ತವರು ನೂರರ ಒಳಗೆ. ಆ ಎರಡು ಅಂಕಿಯ ನಡುವಿನ ಜೀವಗಳಲ್ಲಿ ಈ ವಿದ್ಯೆಯ ಪಾಲು ಉಂಟು. 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ನಮ್ಮ ಹೊರಗೇ ಹಾದು ಹೋದಾಗ ಅಪ್ಪ ಬೋಟ್ ಯಾಕೆ ಇಳಿಸಲಿಲ್ಲ ಅಂತ ಕೇಳು.

ಹುಡುಗಿ: ನೆನಪುಂಟು. ಮೊದಲೇ ಎಚ್ಚರಿಕೆ ಬಂದಿತ್ತು. ಆದರೂ ಒಂದು ಭಯ ಸರ್. ದೊಡ್ಡ ಸಂಸ್ಥೆಯಲ್ಲಿ ಓದಿದವರ ಎದುರು ಇಲ್ಲಿಯ ಕಾಲೇಜಿನ ಬಿ.ಎಸ್ಸಿ.ಗೆ ಬೆಲೆ ಉಂಟಾ?

ಮೇಷ್ಟ್ರು: ಅಣ್ಣಾ ಮಣಿ ಅನ್ನುವ ಹೆಸರು ಬರೆದುಕೋ. ಪೀರುಮೇಡಿನವರು. ಮದ್ರಾಸಿನಲ್ಲಿ ಬಿ.ಎಸ್ಸಿ. ಆನರ್ಸ್ ಮಾಡಿ ಬೆಂಗಳೂರಿಗೆ ಬಂದು ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯದ ಬೆಳಕಿನ ಮೇಲೆ ಕೆಲಸ ಮಾಡಿದರು. ಪ್ರಬಂಧವನ್ನೂ ಬರೆದು ಕೊಟ್ಟರು. ಎಂ.ಎಸ್ಸಿ. ಇಲ್ಲ ಅಂತ ವಿಶ್ವವಿದ್ಯಾಲಯ ಪಿಎಚ್.ಡಿ. ಕೊಡಲಿಲ್ಲ. ಆಮೇಲೆ ಇಂಗ್ಲೆಂಡಿಗೆ ಹೋಗಿ ಹವಾಮಾನದ ಉಪಕರಣಗಳನ್ನು ಕಲಿತು, 1948ರಲ್ಲಿ ಪುಣೆಯಲ್ಲಿ ಹವಾಮಾನ ಇಲಾಖೆ ಸೇರಿದರು. ಹೊರದೇಶದಿಂದ ತರಿಸುತ್ತಿದ್ದ ಉಪಕರಣಗಳನ್ನು ಇಲ್ಲೇ ಮಾಡಿಸಿದರು, ಒಂದೊಂದರ ನಕ್ಷೆಯನ್ನೂ ಒಂದು ಅಳತೆಗೆ ತಂದರು. ತಪ್ಪು ಅಳತೆ ಅಳತೆಯೇ ಇಲ್ಲದ್ದಕ್ಕಿಂತ ಕೆಟ್ಟದ್ದು ಅನ್ನುವ ನಂಬಿಕೆಯಲ್ಲಿ ದುಡಿದವರು. ಇಲಾಖೆಯ ಉಪ ಮಹಾನಿರ್ದೇಶಕರಾಗಿ ನಿವೃತ್ತರಾದರು. ಕೊನೆಯವರೆಗೂ ಅವರಿಗೆ ಡಾಕ್ಟರ್ ಪದವಿ ಇರಲಿಲ್ಲ. ಒಂದು ನಿಮಿಷ ಇರು.

(ಒಳಗೆ ಹೋಗಿ ಪಾರದರ್ಶಕ ಪ್ಲಾಸ್ಟಿಕ್ಕಿನ ಮಳೆಮಾಪಕವೊಂದನ್ನೂ, ಗೀಟು ಹಾಕಿದ ನೋಟ್ ಪುಸ್ತಕವನ್ನೂ ತರುತ್ತಾರೆ.)

ಮೇಷ್ಟ್ರು: ಇದನ್ನು ನಿಮ್ಮ ಅಂಗಳದಲ್ಲಿ ತೆಂಗಿನಮರದಿಂದ, ಮಾಡಿನಿಂದ ದೂರ ನೆಡು. ಮರದ ಹನಿ ಬೀಳಬಾರದು. ದಿನಾ ಓದಿ ಬರಿ, ಬರೆದ ಮೇಲೆ ಚೆಲ್ಲು. ಮಳೆ ಇಲ್ಲದ ದಿನ ಸೊನ್ನೆ ಅಂತ ಬರಿ, ಖಾಲಿ ಬಿಡಬೇಡ. ಸೊನ್ನೆ ಬೇರೆ, ನೋಡಲಿಲ್ಲ ಅನ್ನುವುದು ಬೇರೆ. ಆಗಸ್ಟಿನಲ್ಲಿ ಬೋಟ್ ಹೊರಟಾಗ ಅಪ್ಪನ ಕೈಯಲ್ಲಿ ಒಂದು ಥರ್ಮಾಮೀಟರ್ ಕೊಡು, ಬಾಲ್ದಿಯಲ್ಲಿ ನೀರೆತ್ತಿ ನೋಡಿ ಬರೆದು ತರಲಿ. ಬಿ.ಎಸ್ಸಿ.ಗೆ ಅರ್ಜಿ ಹಾಕು, ಭೌತಶಾಸ್ತ್ರ ಗಣಿತ ಎರಡೂ ಇರುವ ಕಾಂಬಿನೇಷನ್. ಅಪ್ಪನಿಗೆ ನಾನು ಹೂಂ ಅಂದೆ ಅಂತ ಹೇಳು.

ಹುಡುಗಿ: ಮಳೆ ಎಷ್ಟು ಹೊತ್ತಿಗೆ ಓದಬೇಕು ಸರ್?

ಮೇಷ್ಟ್ರು: ಬೆಳಿಗ್ಗೆ ಎಂಟೂವರೆಗೆ. ದೇಶದಲ್ಲೆಲ್ಲ ಹವಾಮಾನ ಇಲಾಖೆಯವರು ಹಿಂದಿನ ಇಪ್ಪತ್ನಾಲ್ಕು ಗಂಟೆಯ ಮಳೆ ಓದುವುದು ಅದೇ ಹೊತ್ತಿಗೆ.